ಸರಾಸರಿ ಜಾತಿ 2.37

ನನ್ನ ಸಂಶೋಧನೆಯ ಮೊದಲ ಫಲಿತಾಂಶ ಕೈಗೆ ಬಂದದ್ದು ಕಾರವಾರದ ಒಂದು ಝೆರಾಕ್ಸ್ ಅಂಗಡಿಯ ಮಾಳಿಗೆಯಲ್ಲಿ. 2023ರ ಜೂನ್ ಕೊನೆಯ ವಾರ, ಛತ್ರಿ ನಿಲ್ಲದಂಥ ಮಳೆ. ‘ಥೀಸಿಸ್ ಟೈಪಿಂಗ್, ಬೈಂಡಿಂಗ್, ಡೇಟಾ ಅನಾಲಿಸಿಸ್ ಮಾಡಿಕೊಡಲಾಗುವುದು’ ಎಂಬ ಬೋರ್ಡಿನ ಕೆಳಗೆ ಕೂತಿದ್ದ ಹುಡುಗ ಸ್ಪೈರಲ್ ಹಾಕಿದ 64 ಪುಟ ಮುಂದಿಟ್ಟ. ನಾನು ಕೊಟ್ಟಿದ್ದು ಮೀನು ಮಾರುವ ಹೆಂಗಸರಿಂದ ಉತ್ತರ ತುಂಬಿಸಿದ 60 ಪ್ರಶ್ನಾವಳಿ ಮತ್ತು ಎರಡು ಸಾವಿರ ರೂಪಾಯಿ. ಎಂಥ ಚಂದದ ಕೋಷ್ಟಕಗಳು! ಪುಟಕ್ಕೆರಡು. ಕೆಲವು ಅಂಕಿಗಳ ಹೆಗಲ ಮೇಲೆ ನಕ್ಷತ್ರ. ‘ಸ್ಟಾರ್ ಇದ್ರೆ ಒಳ್ಳೇದು ಮೇಡಂ, ಅದನ್ನೇ ಬರೀರಿ’ ಅಂತ ಹುಡುಗ ಪುಕ್ಕಟೆ ಸಲಹೆಯನ್ನೂ ಕೊಟ್ಟ.

ವಾರದ ನಂತರ ನಮ್ಮ ಗೈಡ್ ಸರ್ ಆ ಪುಸ್ತಕ ತಿರುವಿ ನಾಲ್ಕನೇ ಕೋಷ್ಟಕದಲ್ಲಿ ಬೆರಳಿಟ್ಟರು. ‘ಇದೇನ್ರೀ? ಜಾತಿ, ಸರಾಸರಿ 2.37, ಮಾನಕ ವಿಚಲನೆ 1.06?’

ನಾನು ಸುಮ್ಮನಿದ್ದೆ. ಪ್ರಶ್ನಾವಳಿಯಲ್ಲಿ ಹರಿಕಂತ್ರ 1, ಖಾರ್ವಿ 2, ಅಂಬಿಗ 3, ಗಾಬಿತ 4 ಅಂತ ನಂಬರು ಕೊಟ್ಟವಳು ನಾನೇ. ಕಂಪ್ಯೂಟರು ಅವನ್ನೆಲ್ಲ ಕೂಡಿಸಿ 60ರಿಂದ ಭಾಗಿಸಿತ್ತು. ಅದು ಬೇಡ ಅನ್ನುವುದಿಲ್ಲ. ಮನೆ ನಂಬರು ಕೊಟ್ಟರೂ, ಫೋನ್ ನಂಬರು ಕೊಟ್ಟರೂ ಸರಾಸರಿ ತೆಗೆದುಕೊಡುತ್ತದೆ.

‘ಖಾರ್ವಿಗೂ ಅಂಬಿಗರಿಗೂ ನಡುವೆ, ಖಾರ್ವಿ ಕಡೆಗೆ ಸ್ವಲ್ಪ ವಾಲಿಕೊಂಡ ಈ ಜಾತಿಯವರು ನಮ್ಮ ಜಿಲ್ಲೆಯಲ್ಲಿ ಎಲ್ಲಿದ್ದಾರೆ ಅಂತ ನನಗೂ ತೋರಿಸಿ, ನೋಡಬೇಕು’ ಅಂದರು ಸರ್. ನಗಲಿಲ್ಲ. ಹತ್ತು ವರ್ಷ ಸಮಾಜಶಾಸ್ತ್ರ ಪಾಠ ಮಾಡಿದವಳು ನಾನು. ಜಾತಿ ಅಂದರೆ ಏನು ಅಂತ ಬಿ.ಎ. ಮಕ್ಕಳಿಗೆ ಎರಡು ತಾಸು ನಿಲ್ಲದೆ ಹೇಳಬಲ್ಲೆ. ಅದನ್ನು ಕೂಡಿಸಿ ಭಾಗಿಸಬಾರದು ಅನ್ನುವುದು ಮಾತ್ರ ಆ 64 ಪುಟ ನೋಡುವಾಗ ಹೊಳೆಯಲಿಲ್ಲ.

ನನ್ನ ಹಿನ್ನೆಲೆ ಹೇಳಿಬಿಡುತ್ತೇನೆ. ಊರು ಶಿರಸಿ ತಾಲೂಕಿನ ಹಳ್ಳಿ, ಅಡಕೆ ತೋಟದ ಮನೆ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನೂರಕ್ಕೆ 41. ಆಮೇಲೆ ಕಲಾ ವಿಭಾಗ ಸೇರಿದ್ದು ಸಮಾಜದ ಮೇಲಿನ ಪ್ರೀತಿಯಿಂದ ಅಂತ ಈಗ ಹೇಳಿಕೊಳ್ಳುತ್ತೇನೆ. ನಿಜವಾಗಿ ಓಡಿದ್ದು ಬೀಜಗಣಿತದಿಂದ. ಕರಾವಳಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ, ವಾಸ ಕಾರವಾರದ ಕಾಜುಬಾಗದಲ್ಲಿ ಬಾಡಿಗೆ ಕೋಣೆ. ಪಿಎಚ್.ಡಿ.ಗೆ ಆರಿಸಿಕೊಂಡ ವಿಷಯ ಮೀನು ಮಾರುವ ಹೆಂಗಸರ ಸಾಲ ಮತ್ತು ಆದಾಯ. ಕೋರ್ಸ್‌ವರ್ಕಿನಲ್ಲಿ ಸಂಶೋಧನಾ ವಿಧಾನ ಕಡ್ಡಾಯ, ಅದರಲ್ಲಿ ಅರ್ಧ ಸಂಖ್ಯಾಶಾಸ್ತ್ರ. ಆರು ಶನಿವಾರ ಪಾಠ ನಡೆಯಿತು. ಗೋಡೆಯ ಮೇಲೆ ಸ್ಲೈಡು ಓಡುತ್ತಿತ್ತು, ನಾವು ಫೋಟೋ ತೆಗೆದುಕೊಳ್ಳುತ್ತಿದ್ದೆವು. ಪರೀಕ್ಷೆಯಲ್ಲಿ 58 ಬಂತು. ಸೂತ್ರ ಬಾಯಿಪಾಠ ಮಾಡಿದ್ದೆ, ಮರುದಿನವೇ ಮರೆತೆ. ಅದರ ಬಗ್ಗೆ ಇನ್ನು ಹೇಳುವಂಥದ್ದೇನೂ ಇಲ್ಲ.

ಕಲಿತದ್ದು ಕುಮಟಾದಲ್ಲಿ. ಗೈಡ್ ಸರ್ ಅವರ ಪರಿಚಯದ ನಿವೃತ್ತ ಮಾಸ್ತರೊಬ್ಬರು ಅಲ್ಲಿದ್ದರು. ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಕಲಿಸಿದವರು. ‘ಭಾನುವಾರ ಬಾ, ಲ್ಯಾಪ್‌ಟಾಪ್ ತರಬೇಡ’ ಅಂದರು. ಜುಲೈಯಿಂದ ನವೆಂಬರ್‌ವರೆಗೆ ಭಾನುವಾರ ಬೆಳಗಿನ ಬಸ್ಸು ಹಿಡಿದು ಹೋದೆ. ಮೊದಲ ಒಂದೂವರೆ ತಿಂಗಳು ಅವರು ಕಂಪ್ಯೂಟರು ಮುಟ್ಟಿಸಲಿಲ್ಲ. ಗ್ರಾಫ್ ಹಾಳೆ, ಪೆನ್ಸಿಲು, ಒಂದು ಬಿಸ್ಕಿಟ್ ಡಬ್ಬಿ, ಅಷ್ಟೇ.

ಜಾತಿಯ ಸರಾಸರಿಯಿಂದಲೇ ಶುರುವಾಯಿತು. ಅಂಕಿಗಳೆಲ್ಲ ಒಂದೇ ಕುಲದವಲ್ಲ ಅನ್ನುವುದನ್ನು ಎಸ್. ಎಸ್. ಸ್ಟೀವನ್ಸ್ ಎಂಬ ಮನಶ್ಶಾಸ್ತ್ರಜ್ಞ 1946ರಲ್ಲಿ ವಿಂಗಡಿಸಿ ಬರೆದನಂತೆ. ಬರೀ ಹೆಸರಿನ ಬದಲು ನಿಂತವು, ಕ್ರಮ ಮಾತ್ರ ಹೇಳುವವು, ಅಂತರ ಸಮನಾಗಿರುವವು, ನಿಜವಾದ ಸೊನ್ನೆ ಇರುವವು ಅಂತ ನಾಲ್ಕು ಬಗೆ. ಮಾಸ್ತರು ನನ್ನ ಊರು ಕೇಳಿ ಅಡಕೆಗೆ ಬಂದರು. ‘ಚಾಲಿ, ರಾಶಿ, ಬೆಟ್ಟೆ, ಇವು ಅಡಕೆಯ ಬಗೆಗಳ ಹೆಸರು. ಇದು ಒಂದನೇ ದರ್ಜೆ, ಇದು ಎರಡನೇ ದರ್ಜೆ ಅಂದರೆ ಕ್ರಮ. ಕ್ವಿಂಟಲು ಅಂದರೆ ತೂಕ, ಅದಕ್ಕೆ ಸೊನ್ನೆ ಉಂಟು. ನೀನು ಚಾಲಿಯನ್ನೂ ರಾಶಿಯನ್ನೂ ಕೂಡಿಸಿ ಎರಡರಿಂದ ಭಾಗಿಸಿದೆ.’ ಆಮೇಲೆ ತಡೆದು, ‘ಭಾಗಿಸಿದ್ದು ನೀನಲ್ಲ ಬಿಡು, ಆ ಹುಡುಗ. ಆದರೆ ದುಡ್ಡು ಕೊಟ್ಟವಳು ನೀನು’ ಅಂದರು.

ಅಡಕೆಯ ಮಾತು ಬಂದಾಗ ನನಗೆ ನೆನಪಾದದ್ದು ಅಪ್ಪಯ್ಯನ ಜೊತೆ ಶಿರಸಿ ಪೇಟೆಗೆ ಹೋಗುತ್ತಿದ್ದ ದಿನಗಳು. ಟೆಂಡರಿಗೆ ಸುರಿದ ರಾಶಿಯ ಮುಂದೆ ವ್ಯಾಪಾರಿ ಮೇಲುಮೇಲೆ ನೋಡುತ್ತಿರಲಿಲ್ಲ, ತೋಳು ಮುಳುಗುವಷ್ಟು ಒಳಗೆ ಕೈ ಹಾಕಿ ಮುಷ್ಟಿ ತುಂಬ ತೆಗೆಯುತ್ತಿದ್ದ. ಅಪ್ಪಯ್ಯ ಹೇಳುತ್ತಿದ್ದರು, ‘ಮೇಲಿನ ಅಡಕೆ ಎಲ್ಲಾ ಚಂದನೇ ಇರ್ತು. ಅಡಿಯಿಂದ ತೆಗಿಯವು.’ ಮಾದರಿ ತೆಗೆಯುವುದರ ಬಗ್ಗೆ ನಾನು ಕೇಳಿದ ಮೊದಲ ಪಾಠ ಅದೇ. ಕನ್ನಡದ ಸಂಖ್ಯಾಶಾಸ್ತ್ರದ ಪುಸ್ತಕಗಳಲ್ಲಿ ಅನ್ನ ಬೆಂದಿತೋ ನೋಡಲು ಒಂದು ಅಗುಳು ಸಾಕು ಅನ್ನುವ ಉದಾಹರಣೆ ಪದೇಪದೇ ಬರುತ್ತದೆ. ಅಡುಗೆ ಮಾಡಿದವರು ಬರೆದದ್ದಲ್ಲ ಅದು. ನಮ್ಮ ಆಯಿಯನ್ನು ಕೇಳಿ, ಮೇಲಿನದು ಬೆಂದು ಅಡಿಯದು ತಳ ಹಿಡಿದದ್ದು ಎಷ್ಟು ಸಲ ಅಂತ. ಸೌಟು ಹಾಕಿ ಕಲಕಿದ ಮೇಲೆ ಮಾತ್ರ ಒಂದು ಅಗುಳಿಗೆ ಬೆಲೆ.

ಬಿಸ್ಕಿಟ್ ಡಬ್ಬಿಯಲ್ಲಿ ಹಳೇ ಕ್ಯಾಲೆಂಡರಿನ ಕಾಗದ ಕತ್ತರಿಸಿ ಮಾಡಿದ 200 ಚೀಟಿಗಳಿದ್ದವು. ಪ್ರತಿಯೊಂದರ ಮೇಲೂ ಒಂದು ದಿನದ ಕೂಲಿ, ಮಾಸ್ತರೇ ಕಲ್ಪಿಸಿ ಬರೆದದ್ದು. ಕಲಕಿ, ಹತ್ತು ಚೀಟಿ ತೆಗೆದು, ಸರಾಸರಿ ಮಾಡಿ, ಗ್ರಾಫ್ ಹಾಳೆಯಲ್ಲಿ ಒಂದು ಚುಕ್ಕೆ ಇಟ್ಟು, ಚೀಟಿ ವಾಪಸು ಹಾಕಬೇಕು. ಮತ್ತೆ ಕಲಕಿ ಮತ್ತೆ ಹತ್ತು. ಬೇಸರ ಬಂದು ಬೆರಳು ನೋಯುವವರೆಗೆ. ಮೂವತ್ತು ಚುಕ್ಕೆ ಆದ ಮೇಲೆ ನೋಡಿದರೆ, ಚೀಟಿಗಳ ಮೇಲಿನ ಅಂಕಿ ಅಡ್ಡಾದಿಡ್ಡಿ ಇದ್ದರೂ ಚುಕ್ಕೆಗಳು ನಡುವೆ ಗುಡ್ಡೆ ಕಟ್ಟಿಕೊಂಡಿದ್ದವು. ಮುಂದಿನ ಭಾನುವಾರ ಸಲಕ್ಕೆ ನಲವತ್ತು ಚೀಟಿ ತೆಗೆಸಿದರು. ಗುಡ್ಡೆ ಸಪೂರವಾಯಿತು. ಸ್ಕೇಲು ಇಟ್ಟು ಅಳೆದಾಗ ಅಗಲ ಹೆಚ್ಚುಕಡಿಮೆ ಅರ್ಧ.

‘ನಾಲ್ಕು ಪಟ್ಟು ದುಡಿದೆ, ಅರ್ಧ ಮಾತ್ರ ತಪ್ಪು ಕಡಿಮೆ ಆಯ್ತು. ಲುಕ್ಸಾನಿನ ವ್ಯಾಪಾರ’ ಅಂದರು ಮಾಸ್ತರು. ಹೌದು ಅಥವಾ ಇಲ್ಲ ಅನ್ನುವ ಪ್ರಶ್ನೆಗೆ ಅರ್ಧಕ್ಕರ್ಧ ಜನ ಹೌದು ಅಂದರೆ, ನೂರು ಜನರ ಮಾದರಿಯಲ್ಲಿ ಶೇ. 10ರಷ್ಟು ಆಚೀಚೆ, ನಾನೂರಕ್ಕೆ ಶೇ. 5, ಶೇ. 2.5ಕ್ಕೆ ಇಳಿಸಬೇಕೆಂದರೆ 1,600 ಜನ ಬೇಕು. ಇನ್ನೊಂದು ಸಂಗತಿ ನನಗೆ ನಂಬಲಿಕ್ಕೇ ಆಗಲಿಲ್ಲ. ಉತ್ತರ ಕನ್ನಡದಲ್ಲಿ 2011ರ ಜನಗಣತಿ ಪ್ರಕಾರ 14 ಲಕ್ಷ ಚಿಲ್ಲರೆ ಜನ, ಇಡೀ ಕರ್ನಾಟಕದಲ್ಲಿ 6 ಕೋಟಿ 11 ಲಕ್ಷ. ಎರಡಕ್ಕೂ ಅದೇ ನಾನೂರು ಜನರ ಮಾದರಿ, ಅದೇ ಶೇ. 5. ಜಿಲ್ಲೆ ಚಿಕ್ಕದು ಅಂತ ರಿಯಾಯಿತಿ ಇಲ್ಲ. ರಾಶಿ ಎಷ್ಟು ದೊಡ್ಡದು ಅನ್ನುವುದಲ್ಲ, ಮುಷ್ಟಿ ಎಷ್ಟು ದೊಡ್ಡದು, ಕೈ ಎಲ್ಲಿಗೆ ಹೋಯಿತು ಅನ್ನುವುದು ಲೆಕ್ಕ. ಅಪ್ಪಯ್ಯನಿಗೆ ಫೋನಿನಲ್ಲಿ ಹೇಳಿದೆ. ‘ಅದು ಗೊತ್ತಿದ್ದದ್ದೇ’ ಅಂದರು.

ಆ ಗುಡ್ಡೆಯ ಅಗಲಕ್ಕೆ ಪುಸ್ತಕದಲ್ಲಿ ಮಾನಕ ದೋಷ ಅಂತ ಹೆಸರು. ಊರಿಗೆ ಹೋದಾಗ ಇದನ್ನೇ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ. ಆಯಿ ಒಳಗಿಂದ ಬಂದು, ‘ಎಂಥಾ ದೋಷನೇ? ಗೋಕರ್ಣದಲ್ಲಿ ಕೇಳ್ಸಲಕ್ಕಾ?’ ಅಂದಳು. ಈ ಕನ್ನಡ ಪಾರಿಭಾಷಿಕಗಳ ಜೊತೆ ನಾನು ಪಟ್ಟ ಪಾಡು ಬೇರೆಯೇ ಒಂದು ಕಥೆ. ‘ಸಾರ್ಥಕ ವ್ಯತ್ಯಾಸ’ ಅನ್ನುತ್ತದೆ ಪುಸ್ತಕ, ಬರೀ ಆಕಸ್ಮಿಕ ಅಂತ ತಳ್ಳಿಹಾಕಲಾಗದ ವ್ಯತ್ಯಾಸ ಅನ್ನುವ ಅರ್ಥದಲ್ಲಿ. ಅಂಗಡಿ ಹುಡುಗನ ನಕ್ಷತ್ರದ ಅರ್ಥವೂ ಅದೇ. ನನ್ನ ಒಂದು ಕೋಷ್ಟಕದ ಕೆಳಗೆ ‘ವ್ಯತ್ಯಾಸ ಸಾರ್ಥಕವಲ್ಲ’ ಅಂತ ಬಂದ ದಿನ, ಇಷ್ಟು ಅಲೆದದ್ದೂ ಸಾರ್ಥಕವಲ್ಲ ಅನ್ನಿಸಿ ಅಳು ಬಂದಿತ್ತು. ಕೈ ಸ್ಕ್ವೇರ್ ಪರೀಕ್ಷೆ ಅಂದಾಗ ಅಂಗೈ ನೋಡಿಕೊಂಡವಳು ನಾನೊಬ್ಬಳೇ ಅಲ್ಲ ಅಂತ ಗೊತ್ತಾಗಿದೆ. ಅದು ಗ್ರೀಕ್ ಅಕ್ಷರ. ಎಣಿಸಿ ಬಂದ ಸಂಖ್ಯೆ ನಿರೀಕ್ಷೆಯಿಂದ ಎಷ್ಟು ದೂರ ಅಂತ ನೋಡುವ ಈ ಪರೀಕ್ಷೆ 1900ರಲ್ಲಿ ಕಾರ್ಲ್ ಪಿಯರ್ಸನ್ ಕೊಟ್ಟದ್ದು. ಕೋಷ್ಟಕದ ಮನೆಗಳಲ್ಲಿ ಇರಬೇಕಾದಷ್ಟು ಜನ ಇಲ್ಲದಿದ್ದರೆ, ಸಾಮಾನ್ಯವಾಗಿ ಐದಕ್ಕಿಂತ ಕಡಿಮೆ ನಿರೀಕ್ಷೆ ಇದ್ದರೆ, ಅದನ್ನು ನಂಬಬೇಡ ಅನ್ನುತ್ತಾರೆ. ನನ್ನ ಝೆರಾಕ್ಸ್ ಅಂಗಡಿಯ 64 ಪುಟದಲ್ಲಿ ನಕ್ಷತ್ರ ಹೊತ್ತ ಮನೆಗಳು ಹೆಚ್ಚಿನವು ಅಂಥವೇ.

ಪಿ ಮೌಲ್ಯ ಅನ್ನುವುದು ನನಗೆ ತಲೆಗೆ ಹತ್ತಲಿಲ್ಲ. ಮೂರು ಭಾನುವಾರ ಹೋಯಿತು. ವ್ಯತ್ಯಾಸವೇ ಇಲ್ಲ ಅಂತ ಇಟ್ಟುಕೊಂಡರೆ ಇಂಥದ್ದೋ ಇದಕ್ಕಿಂತ ಹೆಚ್ಚಿನದೋ ಫಲಿತಾಂಶ ಎಷ್ಟು ಸಲ ಬಂದೀತು ಅನ್ನುವುದು ಪಿ. ನಾನು ಕೊನೆಕೊನೆಗೆ ಅದನ್ನು ತಿರುಗಿಸಿಬಿಡುತ್ತಿದ್ದೆ, ವ್ಯತ್ಯಾಸ ಇಲ್ಲದಿರುವ ಸಾಧ್ಯತೆ ಎಷ್ಟು ಅಂತ. ಎರಡೂ ಒಂದೇ ಅಲ್ಲವೇ? ಅಲ್ಲ. ಕೊಡಸಳ್ಳಿಯಲ್ಲಿ ಮಳೆ ಬಂದರೆ ಕಾಳಿ ನದಿ ತುಂಬುತ್ತದೆ, ಕಾಳಿ ತುಂಬಿದ್ದಕ್ಕೆಲ್ಲ ಅಲ್ಲಿ ಮಳೆ ಬಂತು ಅನ್ನಲಾಗದು, ಅಷ್ಟು ಗೊತ್ತು. ಆದರೂ ಅಂಕಿಯಲ್ಲಿ ಕಂಡಾಗ ಮನಸ್ಸು ಜಾರುತ್ತಿತ್ತು.

ಕೊನೆಗೆ ಮಾಸ್ತರು ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್‌ನ ಚಹಾದ ಕಥೆ ಹೇಳಿದರು. ಅವನ ಜೊತೆ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬಳು, ಕಪ್ಪಿಗೆ ಮೊದಲು ಹಾಲು ಹಾಕಿದರೋ ಚಹಾ ಹಾಕಿದರೋ ಕುಡಿದರೆ ಗೊತ್ತಾಗುತ್ತದೆ ಅಂದಳಂತೆ. ಎಂಟು ಕಪ್ಪು, ನಾಲ್ಕು ಹಾಗೆ, ನಾಲ್ಕು ಹೀಗೆ. ಫಿಶರ್ ಅದನ್ನು 1935ರ ಪುಸ್ತಕದಲ್ಲಿ ಪ್ರಯೋಗದ ಮಾದರಿಯಾಗಿ ಬರೆದ. ‘ಮನೆಯಲ್ಲಿ ಮಾಡಿ ನೋಡು’ ಅಂದರು ಮಾಸ್ತರು.

ನಮ್ಮ ಮನೆಯಲ್ಲಿ ಇದಕ್ಕೆ ಹೇಳಿ ಮಾಡಿಸಿದ ಮನುಷ್ಯ ಇದ್ದಾರೆ. ಪೇಟೆಯ ನೆಂಟರ ಮನೆಗೆ ಹೋಗಿ ಬಂದಾಗಲೆಲ್ಲ ಅಪ್ಪಯ್ಯನ ದೂರು ಒಂದೇ. ‘ಪ್ಯಾಕೆಟ್ ಹಾಲಿನ ಚಾ ಮೂಗಿನ ಹತ್ರ ಬಂದ್ರೇ ಎಂಗೆ ಗೊತ್ತಾಗ್ತು.’ ಅಕ್ಟೋಬರ್ ರಜೆಗೆ ದೇವಿಮನೆ ಘಟ್ಟ ಹತ್ತಿ ಹೋದವಳು ಒಂದು ಪ್ಯಾಕೆಟ್ ಹಾಲು ಒಯ್ದೆ. ಎಂಟು ಒಂದೇ ಥರದ ಲೋಟ. ನಾಲ್ಕರಲ್ಲಿ ಕೊಟ್ಟಿಗೆಯ ಹಾಲು, ನಾಲ್ಕರಲ್ಲಿ ಪ್ಯಾಕೆಟ್ಟಿನದು. ತಳಕ್ಕೆ ಚೀಟಿ ಅಂಟಿಸಿ, ತಮ್ಮನ ಕೈಲಿ ಕಣ್ಣುಮುಚ್ಚಿ ಸಾಲು ಕಲೆಸಿದೆ. ಆಯಿ, ‘ಎಂಟು ಲೋಟ ತೊಳೆಯದು ಯಾರು?’ ಅಂತ ಒಲೆಯ ಹತ್ತಿರ ನಿಂತೇ ಕೇಳಿದಳು. ಅಪ್ಪಯ್ಯ ಜಗುಲಿಯಲ್ಲಿ ಚಕ್ಕಳ ಮಕ್ಕಳ ಹಾಕಿ ಕೂತು, ಜಾತಕ ನೋಡುವವರ ಗತ್ತಿನಲ್ಲಿ ಒಂದೊಂದೇ ಗುಟುಕು ಕುಡಿದರು. ಮನೆಯ ಹಾಲಿನವು ಅಂತ ನಾಲ್ಕು ಲೋಟ ಬೇರೆ ಇಟ್ಟರು.

ಮೂರು ಸರಿ, ಒಂದು ತಪ್ಪು.

ಅಪ್ಪಯ್ಯನಿಗೆ ಗೆದ್ದಂತೆ. ನಾನು ಹಾಳೆ ತೆಗೆದೆ. ಎಂಟರಲ್ಲಿ ನಾಲ್ಕನ್ನು ಆರಿಸುವ ಬಗೆ 70. ನಾಲ್ಕೂ ಸರಿಯಾಗುವುದು ಒಂದೇ ಬಗೆಯಲ್ಲಿ, ಮೂರು ಸರಿಯಾಗುವುದು 16 ಬಗೆಯಲ್ಲಿ. ಅಂದರೆ ನಾಲಿಗೆಯೇ ಇಲ್ಲದವನು ಕಣ್ಣುಮುಚ್ಚಿ ಆರಿಸಿದರೂ ಮೂರೋ ಅದಕ್ಕಿಂತ ಹೆಚ್ಚೋ ಸರಿ ಬರುವುದು 70ಕ್ಕೆ 17 ಸಲ, ನೂರಕ್ಕೆ 24. ನಾಲ್ಕಕ್ಕೆ ನಾಲ್ಕೂ ಸರಿ ಹೇಳಿದ್ದರೆ 70ಕ್ಕೆ ಒಂದು, ಆಗ ಮಾತು ಬೇರೆ. ಇದನ್ನು ವಿವರಿಸಿದೆ. ಅಪ್ಪಯ್ಯ ಬಹಳ ಹೊತ್ತು ಮಾತಾಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ, ‘ಎಂಟು ಲೋಟ ಚಾ ಕುಡಿದ್ರೆ ಯಾರ ನಾಲಿಗೆಯಾದ್ರೂ ಸಾಯ್ತು’ ಅಂದರು. ಅದು ಸರಿಯಾದ ಆಕ್ಷೇಪಣೆ! ನನ್ನ ಪ್ರಯೋಗಕ್ಕೆ ಅವರ ನಾಲಿಗೆಯನ್ನು ಅಳೆಯುವ ಶಕ್ತಿಯೇ ಇರಲಿಲ್ಲ. ಒಂದೇ ಒಂದು ತಪ್ಪಿದರೂ ಸೋಲುವಂತೆ ಎಂಟೇ ಲೋಟ ಇಟ್ಟು, ಸೋತಿರಿ ಅಂದದ್ದು ನಾನು. ಅವರಿಗೆ ಗೊತ್ತಾಗುವುದಿಲ್ಲ ಅಂತ ಅದರಿಂದ ಸಿದ್ಧವಾಗಲಿಲ್ಲ, ಗೊತ್ತಾಗುತ್ತದೆ ಅಂತಲೂ ಆಗಲಿಲ್ಲ. ಮೂರು ಭಾನುವಾರ ಪುಸ್ತಕ ಹೇಳಲಾರದ್ದು ಆ ಜಗುಲಿಯಲ್ಲಿ ಅರ್ಥವಾಯಿತು. ಅಪ್ಪಯ್ಯ ಈಗಲೂ ಪ್ಯಾಕೆಟ್ ಹಾಲು ಗುರುತು ಹಿಡಿಯುತ್ತೇನೆ ಅಂತಲೇ ಹೇಳುತ್ತಾರೆ.

ಪಿ 0.05ಕ್ಕಿಂತ ಕಡಿಮೆ ಬಂದರೆ ವ್ಯತ್ಯಾಸ ಸಾರ್ಥಕ ಅನ್ನುವ ಗಡಿಯೂ ಫಿಶರನ ಕಾಲದ ರೂಢಿ, ದೇವರು ಕೊಟ್ಟದ್ದಲ್ಲ. ಅಮೆರಿಕದ ಸಂಖ್ಯಾಶಾಸ್ತ್ರ ಸಂಘವೇ 2016ರಲ್ಲಿ ಹೇಳಿಕೆ ಹೊರಡಿಸಿ, ಈ ಗಡಿ ದಾಟಿತೋ ಇಲ್ಲವೋ ಅನ್ನುವುದರ ಮೇಲಷ್ಟೇ ತೀರ್ಮಾನ ಮಾಡಬೇಡಿ ಅಂತ ಎಚ್ಚರಿಸಿತು. ನಮ್ಮ ಸೆಮಿನಾರುಗಳಲ್ಲಿ ಮಾತ್ರ 0.049 ಬಂದವರು ಮೀಸೆ ತಿರುವುತ್ತಾರೆ, 0.051 ಬಂದವರು ತಲೆ ತಗ್ಗಿಸುತ್ತಾರೆ.

ಇದರ ನಡುವೆ ಆಗಸ್ಟಿನ ಒಂದು ಭಾನುವಾರ ಮಾಸ್ತರು ಪೇಪರಿನ ತುಣುಕು ಎತ್ತಿಟ್ಟಿದ್ದರು. ಆ ತಿಂಗಳ 22ರಂದು ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ತೀರಿಕೊಂಡಿದ್ದರು, 102 ವರ್ಷ. ಅಂದಾಜು ಎಷ್ಟರ ಮಟ್ಟಿಗೆ ನಿಖರವಾಗಬಲ್ಲದು ಅಂತ ಹೇಳುವ ಕ್ರಾಮರ್–ರಾವ್ ಸೂತ್ರವನ್ನು ಪುಸ್ತಕದಲ್ಲಿ ಓದಿ ಇಬ್ಬರೂ ಎಲ್ಲೋ ಹೊರದೇಶದವರು ಅಂದುಕೊಂಡಿದ್ದೆ. ರಾವ್ ಹುಟ್ಟಿದ್ದು ಹೂವಿನಹಡಗಲಿಯಲ್ಲಿ, 1920ರಲ್ಲಿ. ಆ ಸೂತ್ರ ಬರೆದಾಗ ವಯಸ್ಸು 25ರ ಆಸುಪಾಸು, ಕಲ್ಕತ್ತದಲ್ಲಿ ಮಹಾಲನೋಬಿಸ್ ಕಟ್ಟಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿದ್ದರು. ‘ಹಡಗಲಿ ಅಂದರೆ ಮಲ್ಲಿಗೆ ಅಂತ ಮಾತ್ರ ಹೇಳ್ತಾರೆ ನೋಡು’ ಅಂದರು ಮಾಸ್ತರು. ಆ ದಿನ ಪಾಠ ಆಗಲಿಲ್ಲ.

ಸೆಪ್ಟೆಂಬರಿನಲ್ಲಿ ಲ್ಯಾಪ್‌ಟಾಪ್ ತೆರೆಯಲು ಅಪ್ಪಣೆ ಸಿಕ್ಕಿತು. ಆರ್ ಎಂಬ ತಂತ್ರಾಂಶ, ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಇಬ್ಬರು ಮೇಷ್ಟ್ರುಗಳು ಶುರುಮಾಡಿದ್ದು, ಬಿಟ್ಟಿ ಸಿಗುತ್ತದೆ. ಒಂದು ಅಲ್ಪವಿರಾಮ ತಪ್ಪಿದರೆ ಕೆಂಪು ಅಕ್ಷರದಲ್ಲಿ ಬೈಯುತ್ತದೆ. ಅದು ಕಲಿತದ್ದರ ಬಗ್ಗೆ ಬರೆಯಲು ಹೆಚ್ಚಿಲ್ಲ, ಯಾರು ಬೇಕಾದರೂ ತಿಂಗಳಲ್ಲಿ ಕಲಿಯಬಹುದು. ಬರೆಯಬೇಕಾದದ್ದು ನಾನೇ ಮೊದಲ ಸಲ ತೆಗೆದ ಸರಾಸರಿಯ ಬಗ್ಗೆ. ನನ್ನ 60 ಹೆಂಗಸರು ಶಾಲೆಗೆ ಹೋದ ವರ್ಷ, ಸರಾಸರಿ 8.85. ಖುಷಿಯಾಗಿ, ಕರಾವಳಿಯ ಮೀನುಗಾರ ಮಹಿಳೆಯರ ಶೈಕ್ಷಣಿಕ ಪ್ರಗತಿ ಅಂತ ಒಂದೂವರೆ ಪುಟ ಬರೆದೂಬಿಟ್ಟೆ. ಮಾಸ್ತರು ಓದಿ, ‘ನಾಲ್ಕನೇತ್ತೆಗೇ ಬಿಟ್ಟೆ ಅಂದವರು ಎಷ್ಟು ಜನ?’ ಅಂದರು. ಬಹಳ ಜನ. ‘ಹಾಗಾದರೆ ಈ ಎಂಟೂಮುಕ್ಕಾಲಿನ ಮೇಲೆ ಯಾರು ಕೂತಿದ್ದಾರೆ?’ ಪಟ್ಟಿ ತೆಗೆದು ನೋಡಿದೆವು. ಮೂವರು ಉತ್ತರ ಕೊಟ್ಟಿರಲಿಲ್ಲ. ಉತ್ತರ ಇಲ್ಲದ ಕಡೆ 99 ಅಂತ ಬರೆಯುವುದು ರೂಢಿ. ಕಂಪ್ಯೂಟರಿನ ಲೆಕ್ಕದಲ್ಲಿ ಆ ಮೂವರೂ 99 ವರ್ಷ ಶಾಲೆಗೆ ಹೋಗಿದ್ದರು! ಅವರನ್ನು ಬಿಟ್ಟರೆ ಉಳಿದ 57 ಜನರ ಸರಾಸರಿ 4.1. ಝೆರಾಕ್ಸ್ ಅಂಗಡಿಯ ಹುಡುಗನನ್ನು ಅಂದು ಮನಸ್ಸಿನಲ್ಲೇ ಕ್ಷಮಿಸಿದೆ. ಅಂದಿನಿಂದ ಉತ್ತರ ಇಲ್ಲದ ಖಾನೆ ಖಾಲಿ ಬಿಡುತ್ತೇನೆ. ಮತ್ತು ಎಲ್ಲಕ್ಕಿಂತ ಮೊದಲು ಚಿತ್ರ ಬರೆದು ನೋಡುತ್ತೇನೆ, ಒಂದು ಚುಕ್ಕೆ ಆಕಾಶದಲ್ಲಿ ನೇತಾಡುತ್ತಿದ್ದರೆ ಆಗಲೇ ಕಾಣುತ್ತದೆ.

ಆದಾಯದ ಖಾನೆ ಇನ್ನೂ ಕೆಟ್ಟದಾಗಿತ್ತು. ಅಲ್ಲಿ 99 ಇರಲಿಲ್ಲ. ಒಂದು ಸಾಲಿನಲ್ಲಿ ಕೂತ ಆರು ಜನರನ್ನು ತೆಗೆದುಕೊಳ್ಳಿ. ಐದು ಜನ 300, 350, 400, 400, 450 ಅಂತಾರೆ, ಹೊಟೆಲುಗಳಿಗೆ ಇಸವಾಣ ಮೀನು ಕೊಡುವ ಆರನೆಯವಳು 3,500 ಅಂತಾಳೆ. ಸರಾಸರಿ 900. ಆ ಸಾಲಿನಲ್ಲಿ 900ರ ಹತ್ತಿರಕ್ಕೂ ಯಾರೂ ಇಲ್ಲ. ಮಧ್ಯಾಂಕ, ಅಂದರೆ ಏರಿಕೆಯ ಕ್ರಮದಲ್ಲಿ ನಿಲ್ಲಿಸಿದಾಗ ನಡುವೆ ಬರುವ ಅಂಕಿ, 400. ಅದು ಸಾಲನ್ನು ನೋಡಿದ ಹಾಗಿದೆ. ಇದು ಪುಸ್ತಕದಲ್ಲಿಯೂ ಇದೆ. ಪುಸ್ತಕದಲ್ಲಿ ಇಲ್ಲದ್ದು ಏನೆಂದರೆ ಆ 400 ಅನ್ನುವುದು ಏನು ಅಂತ. ಲಿಲಾವಿನಲ್ಲಿ ಬುಟ್ಟಿ ತೆಗೆದುಕೊಂಡ ದುಡ್ಡು ಕಳೆದೋ ಕಳೆಯದೆಯೋ? ಐಸು, ಟೆಂಪೋ ಬಾಡಿಗೆ, ಕೂತ ಜಾಗದ ದುಡ್ಡು? ಉಳಿದ ಬಂಗಡೆ ಮನೆಗೆ ಒಯ್ದರೆ ಅದು ಆದಾಯವೋ ನಷ್ಟವೋ? ಮನೆಯ ಪ್ರಶ್ನೆಯೂ ಹೀಗೇ. ಒಂದೇ ಸೂರಿನಡಿ ಎರಡು ಒಲೆ. ಸೊಸೆಯದು ಬೇರೆ, ಅತ್ತೆಯದು ಬೇರೆ, ರೇಷನ್ ಕಾರ್ಡು ಒಂದೇ. ಜನಗಣತಿಯವರು ಒಂದೇ ಅಡುಗೆಮನೆಯಲ್ಲಿ ಉಣ್ಣುವವರನ್ನು ಒಂದು ಕುಟುಂಬ ಅನ್ನುತ್ತಾರೆ. ನಾನು ಕೆಲವು ಕಡೆ ಸೂರು ಎಣಿಸಿದ್ದೆ, ಕೆಲವು ಕಡೆ ಒಲೆ.

ಅದಕ್ಕಿಂತ ದೊಡ್ಡ ಎಡವಟ್ಟು ನಾನು ಕೇಳಲು ಹೋದ ಸಮಯದ್ದು. ಕಾಲೇಜಿಗೆ ರಜೆ ಇದೆ ಅಂತ ಜೂನ್ ಮೊದಲ ವಾರ ಪ್ರಶ್ನಾವಳಿ ಹಿಡಿದು ಹೊರಟಿದ್ದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ನಿಷೇಧ. ಘಟ್ಟದ ಮೇಲಿನವಳು, ಮೀನು ತಿನ್ನದವಳು, ತಲೆಯಲ್ಲಿ ಇರಲಿಲ್ಲ. ‘ಅಕ್ಕೋರೇ, ಬೋಟೇ ಕಡ್ಲಿಗೆ ಹೋಗೂದಿಲ್ಲ, ಈಗ ಬಂದ್ ಆದಾಯ ಕೇಳ್ತ್ರಲ’ ಅಂತ ಒಬ್ಬಳು ನಕ್ಕಿದ್ದಳು. ನಾನು ಅದನ್ನು ತಮಾಷೆ ಅಂದುಕೊಂಡು ನಕ್ಕು, ಬರೆದುಕೊಂಡೆ. ಆಗ ಕೂತಿದ್ದವರು ಒಣಮೀನಿನವರು, ನಾಡದೋಣಿಯ ಮೀನು ಸಿಕ್ಕವರು. ಉಳಿದವರು ಮನೆಯಲ್ಲಿದ್ದರು. ಅವರು ನನ್ನ ರಾಶಿಯ ಅಡಿಯಲ್ಲಿದ್ದ ಅಡಕೆ.

ಒಪ್ಪುತ್ತೇನೆ, ಒಪ್ಪುವುದಿಲ್ಲ ಅಂತ ಐದು ಮೆಟ್ಟಿಲಿನ ಲೈಕರ್ಟ್ ಪ್ರಶ್ನೆಗಳೂ ಇದ್ದವು, 1932ರಿಂದ ಜಗತ್ತೆಲ್ಲ ಬಳಸುವಂಥವು. ‘ಮಾರುಕಟ್ಟೆ ಚೊಕ್ಕ ಇದೆ’ ಅನ್ನುವುದಕ್ಕೆ ಹೌದು. ಎರಡು ಪುಟದ ನಂತರ ‘ಮಾರುಕಟ್ಟೆ ಗಲೀಜಾಗಿದೆ’ ಅನ್ನುವುದಕ್ಕೂ ಹೌದು. ಬಂದ ಅಕ್ಕೋರಿಗೆ ಇಲ್ಲ ಅನ್ನುವುದು ಹೇಗೆ? ಅದು ಅಳತೆಯಲ್ಲ, ಮರ್ಯಾದೆ.

ಈಗ ಬಿಸ್ಕಿಟ್ ಡಬ್ಬಿಗೆ ಹಿಂದೆ ಹೋಗಬೇಕು. ಜುಲೈಯಲ್ಲಿ ಕುಮಟಾದ ಆ ಜಗುಲಿಯಲ್ಲಿ ಗೋಡೆಯೂ ಬೆವರುತ್ತಿತ್ತು. ಒಂದು ಭಾನುವಾರ ಚೀಟಿಗಳು ತೇವಕ್ಕೆ ಒಂದಕ್ಕೊಂದು ಅಂಟಿಕೊಂಡು ಮೂರು, ನಾಲ್ಕು ಒಟ್ಟಿಗೇ ಬರತೊಡಗಿದವು. ಒಟ್ಟಿಗೆ ಬಂದವು ಹೆಚ್ಚಾಗಿ ಒಂದೇ ಥರದವು, ಒಂದೇ ಹಾಳೆಯಲ್ಲಿ ಬರೆದು ಕತ್ತರಿಸಿದ್ದರಿಂದ. ನಾನು ಬಿಡಿಸಲು ಹೋದೆ. ಮಾಸ್ತರು ತಡೆದು, ಹಾಗೇ ಎಣಿಸು ಅಂದರು. ಆ ದಿನದ ಗುಡ್ಡೆ ವಿಪರೀತ ಅಗಲವಾಗಿ ಬಂತು. ಯಾಕೆ ಅಂತ ಹೇಳಲಿಲ್ಲ.

ಹೇಳಿದ್ದು ನವೆಂಬರಿನಲ್ಲಿ. ನನ್ನ 60 ಜನ ಎಲ್ಲಿಯವರು ಅಂತ ಕೇಳಿದರು. ಮಾಜಾಳಿಯಿಂದ ಅಂಕೋಲೆಯವರೆಗೆ ಆರು ಕಡೆ, ಒಂದೊಂದು ಕಡೆ ಹತ್ತು ಹೆಂಗಸರು. ‘ಒಬ್ಬೊಬ್ಬರನ್ನೇ ಬೇರೆ ಕೂರಿಸಿ ಕೇಳಿದೆಯಾ?’ ಇಲ್ಲ. ಸಾಲಾಗಿ ಕೂತಿರುತ್ತಿದ್ದರು, ಒಬ್ಬಳನ್ನು ಕೇಳಿದರೆ ಮೂವರು ಉತ್ತರ ಕೊಡುತ್ತಿದ್ದರು. ಸಾಲದ ಬಡ್ಡಿ ಕೇಳಿದರೆ ಮೂಲೆಯ ಹಿರಿಯಳು ಹೇಳಿದ್ದೇ ಕೊನೆ. ‘ಅವ್ಳು ಹೇಳ್ದದ್ದೇ ನಂದೂ ಬರ್ಕಣಿ’ ಅಂತ ಉಳಿದವರು ಮೀನಿನ ಮೇಲೆ ನೀರು ಚಿಮುಕಿಸುತ್ತ ಕೂತರು. ನಾನು ಹತ್ತು ಹಾಳೆಯಲ್ಲಿ ಬೇರೆಬೇರೆ ಬರೆದೆ.

ಮಾಸ್ತರು ಡಬ್ಬಿಯ ಕಡೆ ನೋಡಿದರು. ನನಗೆ ಆ ಕ್ಷಣ ಹೊಳೆಯಿತು. ಅಂಟಿಕೊಂಡ ಚೀಟಿ.

ಇದಕ್ಕೂ ಲೆಕ್ಕ ಇದೆ. ಲೆಸ್ಲಿ ಕಿಶ್ ಎಂಬಾತ ಮಾದರಿ ಸಮೀಕ್ಷೆಯ ಮೇಲೆ 1965ರಲ್ಲಿ ಬರೆದ ಪುಸ್ತಕದಲ್ಲಿ ಕೊಟ್ಟದ್ದು. ಒಂದು ಗುಂಪಿನ ಜನ ಎಷ್ಟು, ಅದರಲ್ಲಿ ಒಂದು ಕಳೆದು, ಅವರ ಉತ್ತರಗಳ ನಡುವಿನ ಅಂಟಿನಿಂದ, ಅಂದರೆ ಉತ್ತರಗಳು ಎಷ್ಟು ಒಂದೇ ಥರ ಅನ್ನುವ ಅಂಕಿಯಿಂದ, ಗುಣಿಸಿ, ಒಂದು ಕೂಡಿಸು. ಅಂಟು 0.1 ಅಂತ ಇಟ್ಟುಕೊಂಡರೆ, ಒಂಬತ್ತು ಗುಣಿಸು 0.1, ಕೂಡಿಸು ಒಂದು, 1.9. ನನ್ನ 60ನ್ನು 1.9ರಿಂದ ಭಾಗಿಸಿದರೆ 32, ಅಂದರೆ ನನ್ನ 60 ಹಾಳೆಗೆ ಬಿಡಿಬಿಡಿಯಾಗಿ ಕೇಳಿದ 32 ಜನರಷ್ಟೇ ಬೆಲೆ. ಅಂಟು 0.3 ಆದರೆ 16. ಬಡ್ಡಿಯ ಪ್ರಶ್ನೆಗೆ ಅಂಟು ಇನ್ನೂ ಹೆಚ್ಚೇ ಇದ್ದೀತು. ಅಂದರೆ ಮಳೆಯಲ್ಲಿ ನೆಂದು, ಮೀನಿನ ವಾಸನೆಗೆ ಮೂಗು ಮುಚ್ಚದಿರಲು ಕಲಿತು, ಅರ್ಧಂಬರ್ಧ ಕೊಂಕಣಿಯಲ್ಲಿ ತಡವರಿಸಿ ನಾನು ತುಂಬಿಸಿದ 60 ಹಾಳೆಯಲ್ಲಿ, ಬಡ್ಡಿಯ ಮಟ್ಟಿಗೆ, ಮಾತಾಡಿದವರು ಮೂಲೆಯಲ್ಲಿ ಕೂತ ಆರು ಹಿರಿಯರು. ಸಾಲ ಕೊಡುವವರೂ ಒಂದೊಂದು ಕಡೆ ಒಬ್ಬಿಬ್ಬರೇ ಇರುವಾಗ, ಉತ್ತರ ಒಂದೇ ಬಂದದ್ದು ಸುಳ್ಳೂ ಅಲ್ಲ. ಬೇಜಾರಾಯಿತು. ಆದರೆ ಸಮಾಜಶಾಸ್ತ್ರದವಳಾಗಿ ನನಗೆ ಮೊದಲ ಸಲ ಈ ವಿದ್ಯೆಯ ಮೇಲೆ ಗೌರವ ಬಂದದ್ದೂ ಆಗಲೇ. ಹೆಂಗಸರು ಒಟ್ಟಿಗೆ ಕೂತು ಒಂದೇ ಮಾತು ಹೇಳುತ್ತಾರೆ ಅನ್ನುವುದನ್ನು ನಾವು ಒಗ್ಗಟ್ಟು, ಬಂಧ ಅಂತೆಲ್ಲ ಪುಟಗಟ್ಟಲೆ ಬರೆಯುತ್ತೇವೆ. ಇಲ್ಲಿ ಅದಕ್ಕೊಂದು ಅಂಕಿ ಇತ್ತು, ಮತ್ತು ಆ ಅಂಕಿ ನನ್ನ ಹಾಳೆಗಳ ಬೆಲೆಯನ್ನೇ ಅರ್ಧಕ್ಕಿಳಿಸಿತು.

ಪ್ರಶ್ನಾವಳಿ ಹೊಸದಾಗಿ ಬರೆದೆ. ಜಾಗ ಹೆಚ್ಚು, ಒಂದೊಂದು ಕಡೆ ನಾಲ್ಕೇ ಜನ, ಹೆಸರು ಚೀಟಿ ಎತ್ತಿ ಆರಿಸಿದ್ದು, ಕೇಳುವುದು ಅವರವರ ಮನೆಯಲ್ಲಿ. ಆದಾಯದ ಬದಲು ‘ನಿನ್ನೆ’ ಅಂತ ಕೇಳುವುದು: ನಿನ್ನೆ ಎಷ್ಟಕ್ಕೆ ತಗೊಂಡ್ರಿ, ಎಷ್ಟಕ್ಕೆ ಹೋಯ್ತು, ಏನು ಉಳೀತು. ವ್ಯಾಪಾರ ಬಿಟ್ಟವರನ್ನೂ ಹುಡುಕುವುದು. 2024ರ ಮಳೆ ಮುಗಿದ ಮೇಲೆ ಅಂತ ನಿಗದಿಯಾಯಿತು. ಆ ವರ್ಷ ಜುಲೈ 16ಕ್ಕೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾಯಿತು, ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೇ ಸೇತುವೆ ಬಿತ್ತು. ಹಿಂದಿನ ಸಲದ ಅಂಕಿಗೂ ಈ ಸಲದ್ದಕ್ಕೂ ಹೋಲಿಸಿ ಏನಾದರೂ ಹೇಳಬಹುದೇ ಅಂತ ಮಾಸ್ತರಿಗೆ ಫೋನ್ ಮಾಡಿದೆ. ‘ನಡುವೆ ಗುಡ್ಡವೇ ಬಿದ್ದಿದೆಯಲ್ಲ ಮಾರಾಯ್ತಿ’ ಅಂದರು.

ಅಕ್ಟೋಬರಿನಲ್ಲಿ ಸದಾಶಿವಗಡದ ಕಡೆಯ ಒಂದು ಮನೆಯಲ್ಲಿ ಕೂತಿದ್ದೆ. ಒಂದೇ ಸೂರು, ಎರಡು ಒಲೆ. ಈ ಸಲ ಒಲೆ ಎಣಿಸಿ ಬರೆದುಕೊಂಡೆ. ನಿನ್ನೆಯ ಲೆಕ್ಕ ಪೂರ್ತಿ ಹೇಳಿದ ಮೇಲೆ ಆಕೆ ಸೆರಗಿನಿಂದ ಕೈ ಒರೆಸಿಕೊಂಡು, ‘ಇಷ್ಟೆಲ್ಲ ಕೇಳೂರು ನೀವು ತಿಂಗ್ಳಿಗೆ ಎಷ್ಟು ದುಡೀತ್ರಿ ಅಕ್ಕೋರೇ?’ ಅಂದಳು.

ಹೇಳಲು ಬಾಯಿ ತೆರೆದೆ. ಅತಿಥಿ ಉಪನ್ಯಾಸಕರದು ಗೌರವಧನ. ಕೆಲಸ ಇದ್ದ ತಿಂಗಳು ಇದೆ, ರಜೆಯಲ್ಲಿ ಇಲ್ಲ, ಬಂದರೂ ಎರಡು ಮೂರು ತಿಂಗಳದ್ದು ಒಟ್ಟಿಗೆ. ಬಸ್ಸಿನ ಖರ್ಚು ಕಳೆದೋ ಕಳೆಯದೆಯೋ? ಹನ್ನೆರಡರಿಂದ ಭಾಗಿಸಬೇಕೋ ಒಂಬತ್ತರಿಂದಲೋ? ಅಪ್ಪಯ್ಯ ಕಳಿಸುವ ಅಕ್ಕಿ?

‘ಅದು ಹಾಗೆಲ್ಲ ಹೇಳಲಿಕ್ಕೆ ಬರೂದಿಲ್ಲ’ ಅಂದೆ.

ಆಚೆ ಒಲೆಯ ಹತ್ತಿರವಿದ್ದ ಸೊಸೆ ಫಕ್ಕನೆ ನಕ್ಕಳು. ಆಕೆ ಮಾತ್ರ ತಲೆ ಅಲ್ಲಾಡಿಸಿ, ‘ಚಾ ಕುಡೀತ್ರಿ?’ ಅಂತ ಎದ್ದಳು.